ನೀಲವ್ವನ ಹಳೆಯ ನಂಬರು

ನಮ್ಮ ಹಿರೇಗುಡ್ಡ ತಾಲೂಕಿನಲ್ಲಿ ನಾಲ್ಕುನೂರ ಹನ್ನೆರಡು ಜನ ನೀಲವ್ವನನ್ನು ಕೇಳಿ ಉಸಿರಾಡುತ್ತಾರೆ. ಉಸಿರು ಕೇಂದ್ರದ ಹಿಂದಿನ ಕೋಣೆಯಲ್ಲಿ ತಣ್ಣಗೆ ಕುಳಿತಿರುವ ಸರ್ವರಿನ ಹೆಸರು ನೀಲವ್ವ. ಅದನ್ನು ಹತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು, ದಾಕ್ಷಾಯಣಿ. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ. ಹೇಳಲಿ. ಅಷ್ಟು ಜನರ ಉಸಿರು ಕೈಯಲ್ಲಿಟ್ಟುಕೊಂಡು ಮೆತ್ತಗೆ ಮಾತಾಡುವವರು ಯಾರಾದರೂ ಇದ್ದರೆ ಒಂದು ವಾರ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಲಿ.

ಈಗ ಇಲ್ಲಿ ಕಲ್ಲು ಕೊರೆಯುವುದು, ಪಾಲಿಶ್ ಹಾಕುವುದು ಎಲ್ಲ ಯಂತ್ರಗಳೇ. ಆದರೆ ಯಂತ್ರ ಬರುವ ಮೊದಲು ಇಪ್ಪತ್ತು, ಇಪ್ಪತ್ತೈದು ವರ್ಷ ಗ್ರಾನೈಟಿನ ಧೂಳು ಕುಡಿದವರು ಇನ್ನೂ ಬದುಕಿದ್ದಾರೆ. ಅವರ ಶ್ವಾಸಕೋಶ ಗಟ್ಟಿಯಾಗಿ, ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಿನ ಸ್ನಾಯು ಅದನ್ನು ಎಳೆದು ಎಳೆದು ಸೋತುಹೋಗಿದೆ. ಅಂಥವರಿಗೆ ಉಸಿರುಪಟ್ಟಿ ಕೊಡುತ್ತೇವೆ. ಪಕ್ಕೆಲುಬಿನ ಕೆಳಗೆ ಕಟ್ಟುವ ಅಗಲವಾದ ಪಟ್ಟಿ ಅದು. ಅದರಿಂದ ಕೂದಲೆಳೆಯಂಥ ತಂತಿಯೊಂದು ಒಳಗೆ ಹೋಗಿ ಆ ಸ್ನಾಯುವನ್ನು ಮಿಡಿಯುತ್ತದೆ, ಉಸಿರು ಒಳಗೆ ಬರುತ್ತದೆ. ಎಷ್ಟು ಸಲ ಮಿಡಿಯಬೇಕು, ಎಷ್ಟು ಜೋರಾಗಿ ಮಿಡಿಯಬೇಕು ಎಂಬುದನ್ನು ಪಟ್ಟಿ ತಾನೇ ನಿರ್ಧರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಮನುಷ್ಯ ನಡೆಯುತ್ತಿದ್ದಾನೋ ಮಲಗಿದ್ದಾನೋ ಎಂದೆಲ್ಲ ನೀಲವ್ವನಿಗೆ ತಿಳಿಸುತ್ತದೆ. ನೀಲವ್ವ ಲೆಕ್ಕ ಹಾಕಿ ಲಯ ಕಳಿಸುತ್ತಾಳೆ.

ನೀಲವ್ವ ಸಿಗದಿದ್ದರೆ ಪಟ್ಟಿ ನಿಮಿಷಕ್ಕೆ ಹದಿನಾಲ್ಕರಂತೆ ಮಿಡಿಯುತ್ತ ಇರುತ್ತದೆ. ಮೆಟ್ಟಿಲು ಹತ್ತಿದರೂ ಹದಿನಾಲ್ಕು, ನಿದ್ದೆ ಹೋದರೂ ಹದಿನಾಲ್ಕು. ಒಂದು ದಿನ ಹೇಗೋ ನಡೆಯುತ್ತದೆ. ಎರಡನೆಯ ದಿನ ಸ್ನಾಯು ದಣಿಯುತ್ತದೆ. ನಲವತ್ತೆಂಟು ತಾಸು ದಾಟಿತೋ, ತಂತಿ ಎಷ್ಟು ಮಿಡಿದರೂ ಅದು ಏಳುವುದಿಲ್ಲ. ಹತ್ತು ವರ್ಷದ ಹಿಂದೆ ಮೊದಲು ಪಟ್ಟಿ ಕಟ್ಟಿಸಿಕೊಂಡವರಲ್ಲಿ ನಮ್ಮ ಯಜಮಾನರು ಅಂದಾನಪ್ಪನವರೂ ಒಬ್ಬರು. ಅವರ ಪಟ್ಟಿಯ ಸಂಖ್ಯೆ ಹತ್ತೊಂಬತ್ತು.

ಪಟ್ಟಿಗೆ ಗೊತ್ತಿರುವುದು ನೀಲವ್ವನ ಹೆಸರು ಮಾತ್ರ, ಅವಳಿರುವ ನಂಬರು ಗೊತ್ತಿಲ್ಲ. ಪ್ರತಿ ಊರಿನಲ್ಲೂ ಪಂಚಾಯ್ತಿ ಗೋಡೆಗೆ ಒಂದು ಪೆಟ್ಟಿಗೆ ಹೊಡೆದಿದ್ದೇವೆ, ಊರಪೆಟ್ಟಿಗೆ ಅಂತ ಕರೆಯುತ್ತೇವೆ. ಪಟ್ಟಿ ಅದನ್ನು ಕೇಳುತ್ತದೆ: ನೀಲವ್ವ ಎಲ್ಲಿದ್ದಾಳೆ? ಪೆಟ್ಟಿಗೆಗೂ ಗೊತ್ತಿಲ್ಲದಿದ್ದರೆ ಅದು ಕೇಂದ್ರವನ್ನು ಕೇಳಿ, ಸಿಕ್ಕ ನಂಬರನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ನೆನಪಿಡಬೇಕು ಎಂಬುದನ್ನೂ ಉತ್ತರ ಕೊಡುವವರೇ ಹೇಳುತ್ತಾರೆ. ಈಗಿನ ನೀಲವ್ವ ಹೇಳುವುದು ಒಂದು ತಾಸು.

ಈಗಿನ ನೀಲವ್ವ ಅಂದೆ, ಏಕೆಂದರೆ ಹಿಂದೆ ಇನ್ನೊಬ್ಬಳಿದ್ದಳು. ಆರು ವರ್ಷದ ಹಿಂದೆ ಅವಳು ಹಳಬಳಾದಳು ಅಂತ ಹೊಸ ಸರ್ವರ್ ಬಂತು. ಅದಕ್ಕೆ ಏನು ಹೆಸರಿಡೋಣ ಅಂತ ಮಾತು ಬಂದಾಗ ನಾನೇ ಹಟ ಹಿಡಿದೆ. ಮನೆಯಲ್ಲಿ ಅಜ್ಜಿ ಹೋದರೆ ಅವಳ ಹೆಸರನ್ನು ಮೊಮ್ಮಗಳಿಗೆ ಇಡುವುದಿಲ್ಲವೆ? ಇದಕ್ಕೂ ನೀಲವ್ವ ಅಂತಲೇ ಇಡಿ, ಪಟ್ಟಿಗಳಿಗೆ ಹೊಸ ಹೆಸರು ಕಲಿಸುವ ಗೋಜೂ ಇರುವುದಿಲ್ಲ. ಎಲ್ಲರೂ ಹೌದಂದರು. ಹಳೆಯ ನೀಲವ್ವನನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಮೂಲೆಯ ರ‍್ಯಾಕಿನಲ್ಲಿ ಹಾಗೇ ಇಟ್ಟೆವು.

ವರ್ಷಕ್ಕೊಮ್ಮೆ ಖಂಡೇಪೂಜೆಯ ದಿನ ಕೇಂದ್ರದ ಎಲ್ಲ ಯಂತ್ರಗಳಿಗೂ ವಿಭೂತಿ, ಕುಂಕುಮ, ಚೆಂಡುಹೂವು. ನಮ್ಮ ಎಲೆಕ್ಟ್ರಿಷಿಯನ್ ರಾಚಪ್ಪ ಅರವತ್ತು ದಾಟಿದವನು, ಪೂಜೆ ಅವನದೇ. ಈ ವರ್ಷ ಅವನು ಹಳೆಯ ನೀಲವ್ವನ ಮುಂದೆ ಊದಿನಕಡ್ಡಿ ಹಿಡಿದು ನಿಂತು ಮುಖ ಸಣ್ಣ ಮಾಡಿದ.

"ಸತ್ತದ್ದರ ಮುಂದ ಆರತಿ ಎತ್ತಿದಂಗ ಆಗತೈತೆವ್ವಾ. ಒಂದ್ ಲೈಟಾದ್ರೂ ಹತ್ತಿದ್ರ ಚಂದ ಇರ್ತಿತ್ತು."

"ಹಚ್ಚು ಹಂಗಾರ. ಹಿರೇ ಜೀವ, ವರ್ಷಕ್ಕೊಮ್ಮೆರ ಕಣ್ಣ ತಗೀಲಿ" ಅಂದವಳು ನಾನು.

ರಾಚಪ್ಪ ಕರೆಂಟು ಕೊಟ್ಟ. ಹಿಂಬದಿ ಬೋಳು ಬೋಳಾಗಿ ಕಾಣುತ್ತದೆ ಅಂತ ನೆಟ್‌ವರ್ಕ್ ಕೇಬಲನ್ನೂ ಚುಚ್ಚಿದ. ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಹಸಿರು ದೀಪಗಳು ಮಿನುಗಿದವು, ಎಲ್ಲರಿಗೂ ಖುಷಿಯಾಯಿತು. ಹೋಳಿಗೆ ಊಟ ಮುಗಿಸಿ, ಹನ್ನೆರಡಕ್ಕೆ ಅದನ್ನು ಆರಿಸಿ, ಕೇಬಲ್ ಕಿತ್ತು, ಮನೆಗೆ ಹೋದೆವು.

ಮರುದಿನ ಬನ್ನಿ ಹಬ್ಬ. ರಜೆಯಾದರೂ ನನ್ನ ಪಾಳಿ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಸ್ಕ್ರೀನಿನ ಮೇಲೆ ತೊಂಬತ್ತೇಳು ಪಟ್ಟಿಗಳು ಹಳದಿಯಾದವು. ಒಂದು ಪಟ್ಟಿ ಇಪ್ಪತ್ನಾಲ್ಕು ತಾಸು ಮಾತಾಡದಿದ್ದರೆ ಹಳದಿಯಾಗುತ್ತದೆ. ಹಳ್ಳಿಯ ಲೈನು ಹೋಗುವುದು ಬರುವುದು ಇದ್ದದ್ದೇ, ಹಾಗಾಗಿ ಅದಕ್ಕೂ ಮೊದಲು ಯಾರೂ ಗಾಬರಿಯಾಗುವುದಿಲ್ಲ. ಆದರೆ ಒಮ್ಮೆಗೇ ತೊಂಬತ್ತೇಳು ಅಂದರೆ ಹುಡುಗಾಟವಲ್ಲ. ಸ್ಕ್ರೀನಿನ ಮೊದಲ ಸಾಲಿನಲ್ಲೇ ಹತ್ತೊಂಬತ್ತು ಇತ್ತು.

ಕೂಡಲೇ ಮನೆಗೆ ಫೋನ್ ಹಚ್ಚಿದೆ. "ಹೆಂಗದೀರಿ?"

"ಕಲ್ಲಗುಂಡ ಇದ್ದಂಗ ಅದೇನಿ. ಬರೂವಾಗ ಬನ್ನಿ ತಗೊಂಡ ಬಾ" ಅಂದರು.

ಕೇಂದ್ರದ ಡಾಕ್ಟರ್ ನಜ್ಮಾ ಓಡಿಬಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನನ್ನನ್ನು ಅಕ್ಕಾರ ಅನ್ನುತ್ತಾರೆ, ಕೆಲಸದಲ್ಲಿ ಮಾತ್ರ ಅಕ್ಕನನ್ನೂ ಬಿಡುವುದಿಲ್ಲ. "ನಾಳೆ ಮಧ್ಯಾಹ್ನದೊಳಗ ಇವೆಲ್ಲಾ ವಾಪಸ್ ಬರಬೇಕು, ಅಕ್ಕಾರ. ಆಮ್ಯಾಲ ನಾ ಏನೂ ಮಾಡಾಕ ಬರಂಗಿಲ್ಲ" ಅಂದರು.

ಅಂದು ಸಂಜೆಯವರೆಗೆ ನಾನು ಮಾಡಿದ್ದೆಲ್ಲ ಸರಿಯಾದ ಕೆಲಸವೇ, ಸಿಕ್ಕಿದ್ದು ಮಾತ್ರ ಏನೂ ಇಲ್ಲ. ನೀಲವ್ವ ಬದುಕಿದ್ದಾಳೆಯೇ? ಬದುಕಿದ್ದಾಳೆ. ನಂಬರು ಹಿಡಿದು ಕೂಗಿದರೆ ಓಗೊಡುತ್ತಾಳೆಯೇ? ಕೊಟ್ಟಳು. ಹೆಸರು ಹಿಡಿದು ಕೂಗಿದರೆ? ಅದಕ್ಕೂ ಕೊಟ್ಟಳು, ನಂಬರೂ ಸರಿಯಾಗಿ ಬಂತು. ಉಳಿದ ಮುನ್ನೂರ ಹದಿನೈದು ಪಟ್ಟಿಗಳ ಜೊತೆ ಎಂದಿನಂತೆ ಮಾತಾಡುತ್ತಿದ್ದಾಳೆ. ಅವಳ ದಿನಚರಿಯನ್ನು ಸಾಲು ಸಾಲಾಗಿ ಓದಿದೆ. ಈ ತೊಂಬತ್ತೇಳರಲ್ಲಿ ಯಾರನ್ನೂ ಅವಳು ಬೇಡ ಅಂದಿಲ್ಲ, ಅವು ಅವಳ ಬಾಗಿಲಿಗೆ ಬಂದೇ ಇಲ್ಲ. ಮೂವತ್ತೊಂದು ಊರಿನ ಪಟ್ಟಿಗಳವು. ಆ ಊರುಗಳು ಒಂದೇ ದಿಕ್ಕಿನಲ್ಲಿಲ್ಲ, ಒಂದೇ ಲೈನಿನಲ್ಲೂ ಇಲ್ಲ. ತಲೆ ಕೆಟ್ಟು ಹೋಯಿತು. ಎರಡು ಸಲ ರಾಚಪ್ಪನಿಗೆ ಸುಮ್ಮಸುಮ್ಮನೆ ಬೈದೆ.

ಸಂಜೆ ಮನೆಗೆ ಹೋದರೆ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ಬನ್ನಿ ಎಲೆ ಕೈಗೆ ಕೊಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದೆ. ಅವರೂ ಅಂದರು. ಆದರೆ ಆ ನಾಲ್ಕು ಮಾತಿಗೆ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಅವರ ಎದೆ ನೋಡುತ್ತ ಮನಸ್ಸಿನಲ್ಲೇ ಎಣಿಸಿದೆ. ಹದಿನಾಲ್ಕು. ನೀರಿನ ಕೊಡ ಎತ್ತಿ ಒಳಗಿಟ್ಟು ಬಂದರು. ಮತ್ತೆ ಎಣಿಸಿದೆ. ಹದಿನಾಲ್ಕು.

"ಕಲ್ಲಗುಂಡ ಇದ್ದಂಗ ಅದೇನಿ ಅಂದ್ರಲ್ಲ?"

"ಹಬ್ಬದ ದಿನ... ಯಾಕ ಅಳಸೂದು ಅಂತ" ಅಂದರು.

ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳಿದ್ದಕ್ಕೋ, ಆ ಹೊತ್ತಿನಲ್ಲೂ ನಗುತ್ತಿದ್ದುದಕ್ಕೋ, ನನಗೇ ಗೊತ್ತಾಗಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಈ ಮನುಷ್ಯ ಇಲ್ಲದ ಮನೆಯಲ್ಲಿ ನಾನು ಯಾರ ಮೇಲೆ ಕೂಗಾಡಲಿ ಅಂತ ಅನ್ನಿಸಿತು. ಹೆದರಿಕೆ ಅಂದರೆ ಏನು ಅಂತ ಆ ಸಂಜೆ ಗೊತ್ತಾಯಿತು.

ಮರುದಿನ ಬೆಳಗ್ಗೆ ಆರಕ್ಕೆ ಅವರ ಮುಂದೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟೆ. ಒಂದು ತುತ್ತು ಅಗಿದು, ನಿಂತು, ಉಸಿರು ಬಂದ ಮೇಲೆ ಇನ್ನೊಂದು ತುತ್ತು. ಹೀಗೆ ಅರ್ಧ ರೊಟ್ಟಿಗೆ ಕಾಲು ತಾಸು ಹಿಡಿಯಿತು.

"ಖಂಡೇಪೂಜಿ ದಿನ ಎಷ್ಟ ಚಂದ ಇತ್ತ ನೋಡು" ಅಂದರು. "ಮುಂಜಾನೆ ಒಂದ ತಾಸು... ಮಾಳಗಿ ಮ್ಯಾಲ ಓಡಿ ಹತ್ತಿದೆ... ಹಿಂದ ಪಟ್ಟಿ ಹೊಸದಿದ್ದಾಗ ಇರ್ತಿತ್ತಲ್ಲ... ಥೇಟ ಅದ ಉಸಿರು."

"ಎಷ್ಟ್ ಹೊತ್ತಿನ್ಯಾಗ?"

"ಹನ್ನೊಂದರ ಸುಮಾರಕ್ಕ. ಹನ್ನೆರಡಕ್ಕ ಹೋತು."

ನಾನು ಲಟ್ಟಣಿಗೆ ಕೆಳಗಿಟ್ಟೆ. ಈಗಿನ ನೀಲವ್ವ ಇವರಿಗೆ ಹಾಗೆ ಮಾಳಿಗೆ ಹತ್ತಿಸುವ ಲಯ ಕೊಡುವುದಿಲ್ಲ. ಇವರ ಶ್ವಾಸಕೋಶ ಈಗ ಅದನ್ನು ತಡೆಯುವುದಿಲ್ಲ ಅಂತ ಅವಳಿಗೆ ಗೊತ್ತು. ಆರು ವರ್ಷದ ಹಿಂದಿನ ಲಯ ಕೊಡಬೇಕಾದರೆ ಆರು ವರ್ಷದ ಹಿಂದಿನ ದಾಖಲೆ ಇಟ್ಟುಕೊಂಡವಳೇ ಕೊಡಬೇಕು. ಹನ್ನೊಂದರಿಂದ ಹನ್ನೆರಡರವರೆಗೆ ಎದ್ದಿದ್ದವಳು ಯಾರು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಲ್ಯಾಪ್‌ಟಾಪ್ ತೆಗೆದು, ಮನೆಯ ಲೈನಿನಿಂದ ನಮ್ಮೂರ ಪಂಚಾಯ್ತಿಯ ಊರಪೆಟ್ಟಿಗೆಯನ್ನೇ ಕೇಳಿದೆ, ಪಟ್ಟಿ ಕೇಳುವ ಹಾಗೆಯೇ: ನೀಲವ್ವ ಎಲ್ಲಿದ್ದಾಳೆ? ಬಂದ ಉತ್ತರ ಹದಿನಾಲ್ಕರಲ್ಲಿ ಮುಗಿಯುವ ನಂಬರು, ಹಳೆಯ ನೀಲವ್ವನದು. ಈಗಿನ ನೀಲವ್ವನ ನಂಬರು ಅರವತ್ತಮೂರರಲ್ಲಿ ಮುಗಿಯುತ್ತದೆ. ಪೆಟ್ಟಿಗೆ ಇನ್ನೂ ಒಂದು ಮಾತು ಹೇಳಿತು: ಈ ಉತ್ತರವನ್ನು ಇನ್ನು ಏಳು ದಿನ ನೆನಪಿಟ್ಟುಕೊಂಡಿರುತ್ತೇನೆ.

ನಿನ್ನೆ ಇಡೀ ದಿನ ಕೇಂದ್ರದಲ್ಲಿ ಕೂತು ಕೇಂದ್ರವನ್ನೇ ಕೇಳಿದ್ದೆ. ಅಲ್ಲಿ ಎಲ್ಲ ಸರಿಯಿದ್ದರೆ ಅಲ್ಲಿ ಕೇಳಿ ಏನು ಬಂತು? ನೋವು ಇದ್ದ ಕಡೆ ಕೈ ಇಟ್ಟು ನೋಡಬೇಕು ಎನ್ನುವಷ್ಟು ಬುದ್ಧಿ ನನಗೆ ಬರಲಿಲ್ಲ.

ಏಳು ಗಂಟೆಗೆ ಕೇಂದ್ರದಲ್ಲಿದ್ದೆ. ನಜ್ಮಾ, ರಾಚಪ್ಪ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಹೇಳಿದೆ. ಹಳೆಯ ನೀಲವ್ವನ ಕಾಲದಲ್ಲಿ ಹೆಸರು ಕೇಳಿದರೆ ನಂಬರು ಹೇಳುವ ಕೆಲಸವೂ ಅವಳದೇ ಆಗಿತ್ತು. ಕೇಳಲು ಅವಳ ಬಳಿ, ಕೇಂದ್ರದ ಇನ್ನೊಂದು ಯಂತ್ರದ ಬಳಿ, ಹೀಗೆ ಎರಡು ಕಡೆ ಹೋಗು ಅಂತ ಊರಪೆಟ್ಟಿಗೆಗಳಿಗೆ ಬರೆದಿದ್ದೆವು. ಹೊಸಬಳು ಬಂದಾಗ ಹಳಬಳ ಸಾಲನ್ನು ಅಳಿಸಬೇಕಿತ್ತು, ಹೇಗೂ ಸತ್ತಿದ್ದಾಳಲ್ಲ ಅಂತ ನಾನು ಅಳಿಸಲಿಲ್ಲ. ಪೂಜೆಯ ದಿನ ಕರೆಂಟೂ ಕೇಬಲೂ ಸಿಕ್ಕಿದ ಕೂಡಲೇ ಅವಳು ಎದ್ದು ಕೆಲಸಕ್ಕೆ ಕೂತಳು. ಮೂವತ್ತೊಂದು ಊರಿನ ಪೆಟ್ಟಿಗೆಗಳಿಗೆ ಅವಳ ಉತ್ತರವೇ ಮೊದಲು ಮುಟ್ಟಿತು. ನೀಲವ್ವ ಅಂದರೆ ನಾನೇ ಅಂದಳು, ತನ್ನ ಹಳೆಯ ನಂಬರು ಕೊಟ್ಟಳು, ಒಂಬತ್ತು ದಿನ ನೆನಪಿಡಿ ಅಂದಳು. ಅವಳ ಕಾಲದಲ್ಲಿ ಲೈನು ವಾರಗಟ್ಟಲೆ ಹೋಗುತ್ತಿತ್ತು, ಅದಕ್ಕೇ ಒಂಬತ್ತು ದಿನ. ಹನ್ನೆರಡಕ್ಕೆ ನಾವು ಅವಳನ್ನು ಆರಿಸಿದೆವು. ಪಟ್ಟಿಗಳು ಅಂದಿನಿಂದ ಯಾರೂ ಇಲ್ಲದ ಮನೆಯ ಬಾಗಿಲು ಬಡಿಯುತ್ತಿವೆ.

ರಾಚಪ್ಪ ಎದ್ದು ನಿಂತ. "ಕೇಬಲ್ ಚುಚ್ಚಿದಾಂವ ನಾನ."

"ಹಚ್ಚು ಅಂದಾಕಿ ನಾನು. ಅಳಸ್ದ ಬಿಟ್ಟಾಕಿ ನಾನು. ನೀ ಸುಮ್ಮನಿರು."

"ಹಂಗಾರ ಹಳೇದನ್ನ ಮತ್ತ ಚಾಲೂ ಮಾಡೂಣಲ್ಲ?" ಅಂತ ಅವನು ಕೇಳಿದ.

ನಜ್ಮಾ ಕೈ ಅಡ್ಡ ಹಿಡಿದರು. "ಬ್ಯಾಡ. ಆಕಿ ಕಡೆ ಇರೂದು ಆರು ವರ್ಷದ ಹಿಂದಿನ ಎದಿ. ಆ ಲಯ ಈಗ ಒಂದ ದಿನ ಕೊಟ್ರ ಸ್ನಾಯು ಹರೀತದ."

ಪೆಟ್ಟಿಗೆಗಳ ನೆನಪು ಅಳಿಸಬೇಕೆಂದರೆ ಮೂವತ್ತೊಂದು ಊರಿಗೆ ಹೋಗಬೇಕು. ಪಂಚಾಯ್ತಿಗಳಿಗೆ ಹಬ್ಬದ ಬೀಗ, ಮಧ್ಯಾಹ್ನಕ್ಕೆ ಉಳಿದಿರುವುದು ಐದು ತಾಸು. ಆಗ ನಾನು ಬೇರೆ ದಾರಿ ಹಿಡಿದೆ. ಅವು ಯಾವ ಬಾಗಿಲಿಗೆ ಬರುತ್ತವೆ ಅಂತ ಗೊತ್ತಿದೆಯಲ್ಲ, ಆ ಬಾಗಿಲಲ್ಲೇ ಈಗಿನ ನೀಲವ್ವನನ್ನು ನಿಲ್ಲಿಸಿದರಾಯಿತು. ಅವಳಿಗೆ ತನ್ನ ನಂಬರಿನ ಜೊತೆಗೆ ಹಳೆಯ ಹದಿನಾಲ್ಕರ ನಂಬರನ್ನೂ ಕೊಡುವುದು. ಒಬ್ಬಳೇ, ಎರಡು ಬಾಗಿಲು. ಹೆಸರೂ, ಪಟ್ಟಿಗಳು ಗುರುತು ಹಿಡಿಯುವ ಮುದ್ರೆಯೂ ಒಂದೇ ಆದದ್ದರಿಂದ ಅವು ಅವಳನ್ನು ಒಪ್ಪಿಕೊಳ್ಳುತ್ತವೆ.

ಮೊದಲು ಮೂಲೆಯ ರ‍್ಯಾಕಿನ ಪ್ಲಗ್ಗನ್ನು ಕತ್ತರಿಸಿ ಬಿಸಾಡಿದೆ. ಆಮೇಲೆ ನಂಬರು ಸೇರಿಸಿ, ನಮ್ಮೂರ ಪೆಟ್ಟಿಗೆಯ ದಾರಿಯಿಂದಲೇ ಕೂಗಿ ನೋಡಿದೆ. ನೀಲವ್ವ ಓಗೊಟ್ಟಳು. ಗಂಟೆ ಎಂಟು. ಹಳದಿ ಪಟ್ಟಿಗಳು ಹಸಿರಾಗತೊಡಗಿದವು. ತೊಂಬತ್ತೇಳು, ಎಂಬತ್ತು, ಐವತ್ತೆರಡು. ಎಂಟೂವರೆಗೆ ಹನ್ನೊಂದಕ್ಕೆ ಬಂದು ನಿಂತಿತು. ರಾಚಪ್ಪ ಕೈ ಮುಗಿದುಕೊಂಡು ಕಾಯುತ್ತಿದ್ದ. ಹನ್ನೊಂದು ಹನ್ನೊಂದೇ ಆಗಿ ಉಳಿಯಿತು. ಅದರಲ್ಲಿ ಹತ್ತೊಂಬತ್ತೂ ಇತ್ತು.

ಹೊಸ ಮಾದರಿಯ ಪಟ್ಟಿಗಳು ಉತ್ತರ ಸಿಗದಿದ್ದರೆ ಅರ್ಧ ತಾಸಿಗೊಮ್ಮೆ ಕೂಗುತ್ತವೆ. ಮೊದಮೊದಲು ಕೊಟ್ಟ ಪಟ್ಟಿಗಳು ಹಾಗಲ್ಲ. ಬ್ಯಾಟರಿ ಉಳಿಸಲೆಂದು ಅವು ಸಲಸಲಕ್ಕೂ ಎರಡು ಪಟ್ಟು ಹೊತ್ತು ಕಾಯುತ್ತವೆ. ಅರ್ಧ ತಾಸು, ಒಂದು, ಎರಡು, ನಾಲ್ಕು. ಲೆಕ್ಕ ಹಾಕಿದೆ. ಅವು ಕೊನೆಯ ಸಲ ಕೂಗಿದ್ದು ನಿನ್ನೆ ಸಂಜೆ ಏಳೂವರೆಗೆ. ಇನ್ನು ಕೂಗುವುದು ನಾಳೆ ನಸುಕಿನ ಮೂರೂವರೆಗೆ.

"ಅಷ್ಟೊತ್ತ ಅವರು ಉಳಿಯೂದಿಲ್ಲ" ಅಂದರು ನಜ್ಮಾ. "ಎಲ್ಲಾರೂ ಹಳೇ ರೋಗಿಗಳು."

"ಆರಿಸಿ ಮತ್ತ ಹಚ್ಚಿದ್ರ ಕೂಡಲೇ ಕೂಗತಾವು. ಆದ್ರ ಏಳಾಕ ತೊಂಬತ್ತು ಸೆಕೆಂಡ್ ಬೇಕು."

ಆ ತೊಂಬತ್ತು ಸೆಕೆಂಡು ಪಟ್ಟಿ ಮಿಡಿಯುವುದಿಲ್ಲ. ಮನುಷ್ಯ ತನ್ನಷ್ಟಕ್ಕೆ ತಾನೇ ಉಸಿರಾಡಬೇಕು, ಹತ್ತು ವರ್ಷದಿಂದ ತಾನಾಗಿ ಕೆಲಸ ಮಾಡದ, ಎರಡು ದಿನದಿಂದ ದಣಿದ ಸ್ನಾಯುವಿನಿಂದ. ಮುಂಚೆ ಆಮ್ಲಜನಕ ಕೊಡಬಹುದು, ಮಾಸ್ಕಿಗೆ ಸೇರಿದ ರಬ್ಬರ್ ಚೀಲ ಒತ್ತಿ ಗಾಳಿ ತುಂಬಬಹುದು. ಕಲ್ಲಾದ ಶ್ವಾಸಕೋಶದೊಳಗೆ ಅದು ಎಷ್ಟು ಇಳಿಯುತ್ತದೆ ಅಂತ ನಜ್ಮಾಗೂ ಹೇಳಲು ಬರಲಿಲ್ಲ.

ಆರಿಸುವ ಗುಂಡಿಯ ಮೇಲೆ ಮುಚ್ಚಳ ಇರುತ್ತದೆ, ಅದರ ಕೀಲಿಕೈಗಳು ಕೇಂದ್ರದಲ್ಲಿ ಎರಡೇ ಇವೆ. ಒಂದನ್ನು ನಜ್ಮಾ ಆಂಬುಲೆನ್ಸಿನಲ್ಲಿ ಒಯ್ಯುವುದು, ಐದು ಮನೆ. ಇನ್ನೊಂದನ್ನು ನಾನು, ಮಾಸ್ಕು, ಆಮ್ಲಜನಕದ ಸಿಲಿಂಡರ್ ಹಾಕಿಕೊಂಡು ರಾಚಪ್ಪನ ಜೀಪಿನಲ್ಲಿ, ಆರು ಮನೆ.

ಹೊರಡುವಾಗ ರಾಚಪ್ಪ ತಗ್ಗಿದ ದನಿಯಲ್ಲಿ ಅಂದ: "ಯವ್ವಾ, ಮಂದಿಗೆ ಲೈನ್ ಕೆಟ್ಟಿತ್ತ ಅಂತ ಹೇಳಿದ್ರ ಆತಿಲ್ಲೊ. ಯಾರ್ ಕೇಳಾವ್ರದಾರ?"

ಒಂದು ಗಳಿಗೆ ಆ ಮಾತು ನನಗೂ ಹಿತವಾಗಿ ಕೇಳಿಸಿತು. ನಾನು ಸುಳ್ಳೇ ಹೇಳುವವಳಲ್ಲ ಅಂತೇನಿಲ್ಲ. ಆದರೆ ನನ್ನ ಕೈಗೆ ತೊಂಬತ್ತು ಸೆಕೆಂಡು ಜೀವ ಕೊಡುವವರಿಗೆ ಆ ಕೈ ಏನು ಮಾಡಿದೆ ಅಂತ ಗೊತ್ತಿರಬೇಕು. "ಇದ್ದದ್ದ ಹೇಳತೀನಿ. ಮೊದಲ ನಮ್ಮನಿಗೆ ನಡಿ" ಅಂದೆ.

ಆಂಬುಲೆನ್ಸಿಗೆ ಹಿಂದೆ ಬರಲು ಹೇಳಿ ನಜ್ಮಾ ನನ್ನ ಜೊತೆಯೇ ಬಂದರು. "ಅಂದಾನಪ್ಪನವರದು ನೋಡಿ ಹೋಗತೀನಿ. ಮೊದಲನೇದಕ್ಕ ನಾ ಇರಬೇಕು."

ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ನಾನು ಎಲ್ಲ ಹೇಳಿದೆ. ಪೂಜೆ, ಕೇಬಲ್, ಅಳಿಸದೆ ಬಿಟ್ಟ ಸಾಲು.

"ಆ ಒಂದ್ ತಾಸಿನ ಉಸಿರು... ನೀ ಕೊಟ್ಟದ್ದೇನು ಹಂಗಾರ" ಅಂದರು.

"ಅದೂ ನಾನ. ಈ ಎರಡ ದಿನದ ತ್ರಾಸೂ ನಾನ."

"ತೊಂಬತ್ತರ ತನಕ... ಎಣಸಾಕ ಬರತೈತಿಲ್ಲೊ ನಿನಗ?"

ನಜ್ಮಾ ಮಾಸ್ಕ್ ಹಾಕಿ ಐದು ನಿಮಿಷ ಆಮ್ಲಜನಕ ಕೊಟ್ಟರು. ಆಮೇಲೆ ನನಗೆ ಸನ್ನೆ ಮಾಡಿದರು. ಮುಚ್ಚಳ ತೆಗೆದು ಗುಂಡಿ ಒತ್ತಿದೆ. ಪಟ್ಟಿಯ ಮಿಡಿತ ನಿಂತಿತು. ಅಂಗಿಯ ಕೆಳಗೆ ಅದು ಯಾವಾಗಲೂ ಸಣ್ಣಗೆ ಗುಯ್ಯೆನ್ನುತ್ತಿತ್ತು. ಹತ್ತು ವರ್ಷದ ಮೇಲೆ ನಮ್ಮ ಮನೆ ಆ ಸದ್ದಿಲ್ಲದೆ ಇತ್ತು.

ಎಣಿಸಿದೆ. ಇಪ್ಪತ್ತರವರೆಗೆ ಅವರು ನನ್ನನ್ನೇ ನೋಡುತ್ತಿದ್ದರು. ಮೂವತ್ತಕ್ಕೆ ಕುತ್ತಿಗೆಯ ನರ ಉಬ್ಬಿದವು. ನಲವತ್ತೈದಕ್ಕೆ ಭುಜ ಎತ್ತಿ ಒಂದು ಉಸಿರು ಎಳೆದರು, ಅರ್ಧವೂ ಬರಲಿಲ್ಲ. ನಜ್ಮಾ ಚೀಲ ಒತ್ತಿದರು. ಅರವತ್ತಕ್ಕೆ ನನ್ನ ಕೈ ಹಿಡಿದುಕೊಂಡರು, ಎಪ್ಪತ್ತಕ್ಕೆ ಆ ಹಿಡಿತ ಸಡಿಲವಾಯಿತು. ನನ್ನ ಎಣಿಕೆ ತಪ್ಪುತ್ತದೆ ಅನ್ನಿಸಿ ಇನ್ನೂ ಜೋರಾಗಿ ಎಣಿಸಿದೆ, ಓಣಿಗೆಲ್ಲ ಕೇಳುವಂತೆ. ತೊಂಬತ್ತಾಯಿತು. ತೊಂಬತ್ತೊಂದು. ತೊಂಬತ್ತೆರಡು. ತೊಂಬತ್ತಮೂರು. ಪಟ್ಟಿ ಗುಂಯ್ ಎಂದಿತು.

ಎದೆ ಎದ್ದಿತು. ಮತ್ತೆ ಎದ್ದಿತು, ಈ ಸಲ ಬೇಗ. ನಿಮಿಷಕ್ಕೆ ಇಪ್ಪತ್ತಮೂರು. ನೀಲವ್ವ ಅವರನ್ನು ನೋಡಿ ಲಯ ಕಳಿಸುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟರು. "ಕುಂದರಬ್ಯಾಡ, ಹೋಗು" ಅಂದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಜೀಪು ಹತ್ತಿದೆ.

ಎರಡನೆಯ ಮನೆ, ಮೂರನೆಯ ಮನೆ. ಪ್ರತಿ ಮನೆಯಲ್ಲೂ ಮೊದಲು ನನ್ನ ತಪ್ಪು, ಆಮೇಲೆ ಕೀಲಿಕೈ. ಒಬ್ಬ ಮುದುಕ ತಾನೇ ಅಂಗಿ ಎತ್ತಿದ. ಇನ್ನೊಂದು ಮನೆಯಲ್ಲಿ ಮಗಳು ನನ್ನ ಕೈಯಿಂದ ಕೀಲಿಕೈ ಕಸಿದುಕೊಂಡು ತಾನೇ ಗುಂಡಿ ಒತ್ತಿದಳು. ಇಬ್ಬರಿಗೂ ಉಸಿರು ಬಂತು. ನಜ್ಮಾ ಫೋನ್ ಮಾಡಿ ಅವರ ಕಡೆಯೂ ಮೂವರು ಆದರು ಅಂದರು.

ನಾಲ್ಕನೆಯದು ಬೂದಿಹಾಳದ ಫಕೀರವ್ವನ ಮನೆ. ಗಂಟೆ ಹನ್ನೊಂದೂಕಾಲು. ಈಕೆ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ಕಾಲದಲ್ಲಿ ಮೇಲ್ವಿಚಾರಕ ಮುಕಾದಮನನ್ನೇ ಕಾರ್ಖಾನೆಯಿಂದ ಹೊರಗೆ ಓಡಿಸಿದವಳು, ಅವಳ ಬಾಯಿಯ ಮುಂದೆ ನನ್ನದು ಏನೂ ಅಲ್ಲ. ಒಬ್ಬಳೇ ಇರುತ್ತಾಳೆ. ಕಂಬಕ್ಕೆ ಒರಗಿ, ಎರಡೂ ಕೈ ನೆಲಕ್ಕೂರಿ, ಬಾಯಿ ತೆರೆದುಕೊಂಡು ಕೂತಿದ್ದಳು.

ಹೇಳಿದೆ. ಅವಳು ಕಣ್ಣು ಕೆಂಪಗೆ ಮಾಡಿ ನನ್ನನ್ನು ನೋಡಿದಳು.

"ನಿನ್ನ..." ಅಂದಳು. ಉಸಿರು ಸಾಲಲಿಲ್ಲ. ಕಾದು ಮತ್ತೆ ಎಳೆದುಕೊಂಡಳು. "ನಿನ್ನ ಪೂಜಿ..." ಮತ್ತೆ ನಿಂತಳು. ಬೈಗುಳ ಗಂಟಲಿಗೆ ಬಂದು ಹೊರಗೆ ಬರಲಾಗದೆ ಅವಳ ಕಣ್ಣಲ್ಲಿ ನೀರು ಬಂತು. ನಾನು ಅಷ್ಟು ನಾಚಿಕೆಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ.

"ಬೈ, ಫಕೀರವ್ವಾ. ಉಸಿರು ಬಂದ ಮ್ಯಾಲ ಪೂರಾ ಬೈ. ನಾ ಎಲ್ಲೂ ಹೋಗೂದಿಲ್ಲ" ಅಂದೆ.

ಅವಳು ಪಟ್ಟಿಯ ಮೇಲಿನ ಸೆರಗು ಸರಿಸಿದಳು.

ರಾಚಪ್ಪ ಮಾಸ್ಕ್ ಹಿಡಿದ. ನಾನು ಗುಂಡಿ ಒತ್ತಿ ಎಣಿಸತೊಡಗಿದೆ. ಅವಳು ಐವತ್ತಕ್ಕೇ ಒರಗಿದಳು. ಎಪ್ಪತ್ತಕ್ಕೆ ರಾಚಪ್ಪನ ಕೈಯಿಂದ ಚೀಲ ಜಾರಿತು. ನಾನು ಅದನ್ನು ಕಸಿದುಕೊಂಡು, ಮೊಣಕಾಲೂರಿ, ಎಣಿಸುತ್ತಲೇ ಒತ್ತಿದೆ. ಆ ಎದೆಯೊಳಗೆ ಗಾಳಿ ಇಳಿಯುವುದು ಎಷ್ಟು ಕಷ್ಟ ಅಂತ ಅಂಗೈಗೆ ಗೊತ್ತಾಗುತ್ತಿತ್ತು. ತೊಂಬತ್ತು ದಾಟಿತು. ತೊಂಬತ್ತೈದೂ ದಾಟಿತು. ನೂರು ಅಂದೆ. ಒತ್ತುವುದನ್ನು ಬಿಡಲಿಲ್ಲ. ನೂರನಾಲ್ಕಕ್ಕೆ ಪಟ್ಟಿ ಎದ್ದಿತು.

ಒಂದು ಉಸಿರು. ನಾಲ್ಕು. ಹತ್ತು. ಫಕೀರವ್ವ ಕಣ್ಣು ತೆರೆದಳು, ಮಾಸ್ಕನ್ನು ಪಕ್ಕಕ್ಕೆ ತಳ್ಳಿದಳು, ಎದ್ದು ಕೂತಳು. ಎದೆ ತುಂಬ ಗಾಳಿ ತುಂಬಿಕೊಂಡು ಶುರು ಮಾಡಿದಳು. ನನ್ನ ಪೂಜೆಯಿಂದ ಹಿಡಿದು ನನ್ನ ಸರ್ವರು, ನನ್ನ ಓದು, ನಾನು ಹುಟ್ಟಿದ ಊರು, ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು, ಒಬ್ಬರನ್ನೂ ಬಿಡಲಿಲ್ಲ. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಉಸಿರಿಗೆ ನಿಲ್ಲಲಿಲ್ಲ. ರಾಚಪ್ಪ ನಡುವೆ ಬಾಯಿ ಹಾಕಲು ಹೋದ. ನಾನು ಅವನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವಳ ಮುಂದೆ ಕೈಕಟ್ಟಿ ನಿಂತು, ಒಂದೊಂದು ಮಾತನ್ನೂ ಕೇಳಿಸಿಕೊಂಡೆ. ಅವಳು ಮುಗಿಸಿ ನೀರು ಕೇಳಿದ ಮೇಲೆ ತಂಬಿಗೆ ತುಂಬಿ ಕೊಟ್ಟು, ಕೀಲಿಕೈ ತೆಗೆದುಕೊಂಡು ಜೀಪು ಹತ್ತಿದೆ. ಇನ್ನೂ ಎರಡು ಮನೆ ಇದ್ದವು.